ಹೊಟ್ಟೆ ಸ್ನಾಯುಗಳ ತಾಳಿಕೆ ಅಳೆಯಲು ಯಾವ ಟೆಸ್ಟ್ ನಂಬಬಹುದು? ಕರ್ಲ್-ಅಪ್, ಪ್ಲ್ಯಾಂಕ್, 60 ಡಿಗ್ರಿ ಹೋಲ್ಡ್

ಹೊಸ_ಟ್ರೈನರ್

ಎಲ್ಲರಿಗೂ ನಮಸ್ಕಾರ. ಸುಮಾರು 30 ಜನ ವಯಸ್ಕರ ಗುಂಪಿಗೆ 12 ವಾರಗಳ ತರಬೇತಿ ಇದೆ. ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಹೊಟ್ಟೆ ಸ್ನಾಯುಗಳ ತಾಳಿಕೆ ಅಳೆಯಬೇಕು. ಬಲ ಎಷ್ಟು ಅನ್ನೋದು ಬೇಡ, ಎಷ್ಟು ಹೊತ್ತು ಅಥವಾ ಎಷ್ಟು ಸಲ ದಣಿಯದೆ ಕೆಲಸ ಮಾಡುತ್ತವೆ ಅನ್ನೋದು ಬೇಕು. ಕೈಲಿರೋದು ಮ್ಯಾಟ್, ಅಳತೆ ಟೇಪು, ಮಾಸ್ಕಿಂಗ್ ಟೇಪು, ಫೋನು, ಸಹಾಯಕ್ಕೆ ಇಬ್ಬರು. ಒಂದು ನಿಮಿಷದ ಸಿಟ್-ಅಪ್ ಸುಲಭ ಅಂತ ಕೆಲವರು ಹೇಳ್ತಾರೆ, ಕರ್ಲ್-ಅಪ್ ಮಾಡಿಸಿ ಅಂತ ಕೆಲವರು, ಪ್ಲ್ಯಾಂಕ್ ಸಾಕು ಅಂತ ಇನ್ನು ಕೆಲವರು. 12 ವಾರ ಆದಮೇಲೆ ಬರುವ ವ್ಯತ್ಯಾಸ ನಿಜವಾದ ಸುಧಾರಣೆಯೋ ಅಳತೆಯ ಏರುಪೇರೋ ಅಂತ ಗೊತ್ತಾಗಬೇಕು. ಯಾವುದನ್ನು ಹೇಗೆ ಮಾಡಿಸಬೇಕು?

ಪಿಟಿ_ಮೇಷ್ಟ್ರು

ಪಾದ ಹಿಡಿದು ಮಾಡಿಸುವ ಪೂರ್ತಿ ಸಿಟ್-ಅಪ್ ಬೇಡ. ನೆಲದಿಂದ ಸುಮಾರು 30 ಡಿಗ್ರಿವರೆಗೆ ಎದೆಗೂಡನ್ನು ಮೇಲಕ್ಕೆ ಸುರುಳಿ ಸುತ್ತುವ ಕೆಲಸ ಹೊಟ್ಟೆ ಸ್ನಾಯುಗಳದ್ದು. ಅಲ್ಲಿಂದಾಚೆ ಮುಂಡವನ್ನು ಎಳೆದು ಕೂರಿಸುವುದು ಹೆಚ್ಚಾಗಿ ತೊಡೆಸಂದನ್ನು ಮಡಿಸುವ ಸ್ನಾಯುಗಳು. ಪಾದವನ್ನು ಯಾರಾದರೂ ಅದುಮಿ ಹಿಡಿದರಂತೂ ಆ ಸ್ನಾಯುಗಳಿಗೆ ಗಟ್ಟಿ ಆಸರೆ ಸಿಕ್ಕಿ ಅವೇ ಮೇಲುಗೈ ಪಡೆಯುತ್ತವೆ. ಬರುವ ಎಣಿಕೆ ಎರಡರ ಬೆರಕೆ, ಯಾವುದರ ಪಾಲು ಎಷ್ಟು ಅಂತ ಹೇಳೋಕಾಗಲ್ಲ.

ಬೆನ್ನಿನ ಮೇಲಿನ ಒತ್ತಡವೂ ಇದೆ. ಬೆನ್ನುಮೂಳೆಯ ಮೇಲಿನ ಒತ್ತಡವನ್ನು ಅಧ್ಯಯನ ಮಾಡಿದ ಸಂಶೋಧಕ ಸ್ಟುವರ್ಟ್ ಮೆಕ್‌ಗಿಲ್ ಅವರ ಪ್ರಯೋಗಾಲಯದ ಲೆಕ್ಕದಲ್ಲಿ ಸಿಟ್-ಅಪ್ ವೇಳೆ ಸೊಂಟದ ಬೆನ್ನುಮೂಳೆಯ ಮೇಲೆ 3300 ನ್ಯೂಟನ್ ಆಸುಪಾಸಿನ ಒತ್ತಡ ಬೀಳುತ್ತದೆ, ಕರ್ಲ್-ಅಪ್‌ನಲ್ಲಿ ಸುಮಾರು 2000. ಭಾರ ಎತ್ತುವ ಕೆಲಸಗಾರರಿಗೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಹಾಕಿರುವ ಎಚ್ಚರಿಕೆಯ ಮಿತಿ 3400 ನ್ಯೂಟನ್. ದಣಿವಾಗುವವರೆಗೆ ಅದರ ಹತ್ತಿರ ಹತ್ತಿರ ಮತ್ತೆ ಮತ್ತೆ ಹೋಗುವ ಟೆಸ್ಟ್ ಯಾಕೆ ಬೇಕು? ಅಮೆರಿಕದ ಸೈನ್ಯ, ನೌಕಾಪಡೆ, ಮರೀನ್ ದಳ ಮೂರೂ ಈಗ ಇದರ ಜಾಗದಲ್ಲಿ ಪ್ಲ್ಯಾಂಕ್ ಇಟ್ಟುಕೊಂಡಿವೆ.

ವಯಸ್ಕರಿಗೆ ನನ್ನ ಆಯ್ಕೆ ತಾಳಕ್ಕೆ ಕಟ್ಟಿದ ಭಾಗಶಃ ಕರ್ಲ್-ಅಪ್. ವಿಧಾನ ಹೀಗೆ. ಮ್ಯಾಟ್ ಮೇಲೆ ಅಡ್ಡಲಾಗಿ ಎರಡು ಮಾಸ್ಕಿಂಗ್ ಟೇಪ್ ಪಟ್ಟಿ ಅಂಟಿಸಿ, ಅವುಗಳ ನಡುವೆ 10 ಸೆಂ.ಮೀ. ಅಂಗಾತ ಮಲಗಿಸಿ, ಮಂಡಿ 90 ಡಿಗ್ರಿ, ಅಂಗಾಲು ಪೂರ್ತಿ ನೆಲಕ್ಕೆ, ಪಾದವನ್ನು ಯಾರೂ ಹಿಡಿಯಕೂಡದು. ಕೈ ಪಕ್ಕದಲ್ಲಿ ನೇರ, ಅಂಗೈ ಕೆಳಮುಖ, ನಡುಬೆರಳ ತುದಿ ಮೊದಲ ಪಟ್ಟಿಯ ಅಂಚಿಗೆ. ಮೆಟ್ರೊನೋಮ್ (ಒಂದೇ ಸಮನೆ ತಾಳ ಬಡಿಯುವ ಸಾಧನ) ನಿಮಿಷಕ್ಕೆ 50 ಬಡಿತ. ಒಂದು ಬಡಿತಕ್ಕೆ ಮೇಲೆ, ಮುಂದಿನದಕ್ಕೆ ಕೆಳಗೆ, ಅಂದರೆ ನಿಮಿಷಕ್ಕೆ 25. ಬೆರಳು ಎರಡನೇ ಪಟ್ಟಿ ಮುಟ್ಟಬೇಕು, ವಾಪಸ್ ಬಂದಾಗ ತಲೆ ಮ್ಯಾಟ್ ಮುಟ್ಟಬೇಕು. ತಲೆಯ ಕೆಳಗೆ ಒಂದು ತೆಳು ಕಾಗದ ಇಡಿ, ಮುಟ್ಟಿದ್ದು ಸದ್ದಿನಿಂದಲೇ ತಿಳಿಯುತ್ತದೆ.

ಇದೇ ಟೆಸ್ಟ್‌ನ ಕೆನಡಾ ಮಾಪನದಲ್ಲಿ ಒಂದು ನಿಮಿಷಕ್ಕೆ, ಅಂದರೆ 25ಕ್ಕೆ ನಿಲ್ಲಿಸುತ್ತಾರೆ. ತಕ್ಕಮಟ್ಟಿಗೆ ಫಿಟ್ ಇರುವ ಗುಂಪಿನಲ್ಲಿ ಅರ್ಧ ಜನ 25 ಮುಟ್ಟಿಬಿಟ್ಟರೆ ಅವರ ಸುಧಾರಣೆ ಅಳೆಯಲು ಜಾಗವೇ ಉಳಿಯುವುದಿಲ್ಲ. ನಿಮ್ಮ ಉದ್ದೇಶಕ್ಕೆ ತಾಳ ಹಾಗೇ ಇಟ್ಟು ಮಿತಿಯನ್ನು 75ಕ್ಕೆ ಏರಿಸಿ. ಆದರೆ ಆಗ ಪ್ರಕಟಿತ ಕೋಷ್ಟಕದ ಜೊತೆ ಹೋಲಿಸುವಂತಿಲ್ಲ, ನಿಮ್ಮದೇ ಮೊದಲ ಅಳತೆಯ ಜೊತೆ ಮಾತ್ರ.

ಫಿಸಿಯೋ_ಡೆಸ್ಕ್

ಮೇಷ್ಟ್ರೇ, ವಿಧಾನ ಸರಿ. ಆದರೆ ಈ ಟೆಸ್ಟ್ ಹಾಳಾಗೋದು ಹೆಗಲಲ್ಲಿ. ಮಲಗಿರುವಾಗ ಹೆಗಲು ಕಿವಿಯ ಕಡೆಗೆ ಏರಿರುತ್ತದೆ. ಆ ಸ್ಥಿತಿಯಲ್ಲಿ ಬೆರಳನ್ನು ಮೊದಲ ಪಟ್ಟಿಗೆ ಇಟ್ಟರೆ, ದಣಿವಾದಾಗ ಅವರು ಹೆಗಲನ್ನು ಪಾದದ ಕಡೆಗೆ ಜಾರಿಸಿ ಕೆಲವು ಸೆಂ.ಮೀ. ಬಿಟ್ಟಿಯಾಗಿ ಸಂಪಾದಿಸುತ್ತಾರೆ. ಇರುವುದೇ 10 ಸೆಂ.ಮೀ., ಅದರಲ್ಲಿ ಮೂರು ಹೀಗೆ ಹೋದರೆ ಟೆಸ್ಟೇ ಬೇರೆ ಆಯ್ತು. ಬೇಕಂತ ಮೋಸ ಮಾಡುವವರು ಕಡಿಮೆ, ದೇಹ ತಾನಾಗಿ ಸುಲಭದ ದಾರಿ ಹುಡುಕುತ್ತದೆ.

ಇದಕ್ಕೆ ಪರಿಹಾರ ಟೆಸ್ಟ್ ಶುರುವಾಗುವ ಮುಂಚೆಯೇ ಇದೆ. ಮಲಗಿಸಿದ ಮೇಲೆ "ಹೆಗಲನ್ನು ಎಷ್ಟಾಗುತ್ತೋ ಅಷ್ಟು ಕೆಳಕ್ಕೆ, ಪಾದದ ಕಡೆ ಎಳೆಯಿರಿ" ಅನ್ನಿ. ಎಳೆದ ಸ್ಥಿತಿಯಲ್ಲಿ ಬೆರಳತುದಿ ಎಲ್ಲಿದೆಯೋ ಅಲ್ಲಿಗೆ ಮೊದಲ ಪಟ್ಟಿ ಬರುವಂತೆ ಅವರನ್ನು ಸರಿಸಿ. ಈಗ ಹೆಗಲಿನಿಂದ ಕದಿಯಲು ಏನೂ ಉಳಿದಿಲ್ಲ, ಬೆರಳು ಮುಂದೆ ಹೋಗಬೇಕಾದರೆ ಬೆನ್ನು ಬಾಗಲೇಬೇಕು. ಪ್ರತಿ ಸಲ ಹೆಗಲಹಲಗೆಯ ಮೇಲ್ಭಾಗ ಮ್ಯಾಟ್ ಬಿಟ್ಟು ಏಳುತ್ತಿದೆಯೇ ಅಂತ ಪಕ್ಕದಿಂದ ನೋಡಿ. ಎತ್ತರದಿಂದ, ನಿಂತುಕೊಂಡು ನೋಡಿದರೆ ಇದು ಕಾಣುವುದಿಲ್ಲ. ನೋಡುವವರು ನೆಲದಲ್ಲಿ ಕೂತಿರಬೇಕು.

ಇನ್ನೊಂದು ಮಿತಿ ಗೊತ್ತಿರಲಿ: 10 ಸೆಂ.ಮೀ. ಎಲ್ಲರಿಗೂ ಒಂದೇ ಕೆಲಸ ಅಲ್ಲ. ಮುಂಡ ಉದ್ದ ಇರುವವರಿಗೆ ಅಷ್ಟು ದೂರಕ್ಕೆ ಕಡಿಮೆ ಬಾಗುವಿಕೆ ಸಾಕು, ಗಿಡ್ಡ ಇರುವವರಿಗೆ ಹೆಚ್ಚು ಬೇಕು. ಹಾಗಾಗಿ ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸುವಾಗ ಎಚ್ಚರ. ಅದೇ ವ್ಯಕ್ತಿಯ ಮೊದಲ ಮತ್ತು ಎರಡನೇ ಅಳತೆಗೆ ಇದರಿಂದ ತೊಂದರೆ ಇಲ್ಲ.

ಯಾರಿಗೆ ಮಾಡಿಸಬಾರದು ಅನ್ನೋದನ್ನೂ ಮೊದಲೇ ಕೇಳಿ ಬರೆದುಕೊಳ್ಳಿ. ಗರ್ಭಿಣಿಯರು, ಇತ್ತೀಚೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು, ಹರ್ನಿಯಾ ಇರುವವರು, ಹೆರಿಗೆಯ ನಂತರ ಹೊಟ್ಟೆಯ ನಡುಗೆರೆ ಅಗಲವಾಗಿ ಉಳಿದವರು, ಮೂಳೆ ಸವೆತ ಇರುವವರು, ಕಾಲಿಗೆ ಇಳಿಯುವ ಬೆನ್ನುನೋವು ಇರುವವರು, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು. ಮೂಳೆ ಸವೆತ ಇದ್ದಾಗ ಬೆನ್ನನ್ನು ಪದೇ ಪದೇ ಮುಂದೆ ಬಗ್ಗಿಸುವುದೇ ಅಪಾಯ, ಇಲ್ಲಿ "ನಿಧಾನಕ್ಕೆ ಮಾಡಿ" ಅನ್ನೋದು ಉತ್ತರವಲ್ಲ.

ಹೊಸ_ಟ್ರೈನರ್

ತುಂಬ ಉಪಯೋಗ ಆಯ್ತು. ಒಂದು ಗೊಂದಲ: ಒಂದು ಕಡೆ ಮಂಡಿ 90 ಡಿಗ್ರಿ, 10 ಸೆಂ.ಮೀ. ಅಂತ ಇದೆ, ಇನ್ನೊಂದು ಕಡೆ 140 ಡಿಗ್ರಿ, ನಾಲ್ಕೂವರೆ ಇಂಚು ಅಂತ ಇದೆ. ಯಾವುದು ಸರಿ?

ಪಿಟಿ_ಮೇಷ್ಟ್ರು

ಎರಡೂ ಸರಿ, ಎರಡು ಬೇರೆ ಬೇರೆ ಟೆಸ್ಟ್‌ಗಳು. 140 ಡಿಗ್ರಿಯದ್ದು ಅಮೆರಿಕದ ಕೂಪರ್ ಇನ್‌ಸ್ಟಿಟ್ಯೂಟ್ ರೂಪಿಸಿದ ಫಿಟ್‌ನೆಸ್‌ಗ್ರಾಂನದ್ದು, ಶಾಲಾ ಮಕ್ಕಳಿಗೆ. ಅದರಲ್ಲಿ ಪಟ್ಟಿಯ ಅಗಲ 10 ವರ್ಷ ಮತ್ತು ಮೇಲಿನವರಿಗೆ 4.5 ಇಂಚು, ಅಂದರೆ 11.4 ಸೆಂ.ಮೀ.; 5ರಿಂದ 9 ವರ್ಷದವರಿಗೆ 3 ಇಂಚು, 7.6 ಸೆಂ.ಮೀ. ತಾಳ ನಿಮಿಷಕ್ಕೆ 20, ಮೂರು ಸೆಕೆಂಡಿಗೆ ಒಂದು. ಗರಿಷ್ಠ 75, ಅಷ್ಟೂ ಮುಗಿಸಲು 3 ನಿಮಿಷ 45 ಸೆಕೆಂಡು. ಮಂಡಿ ಅಷ್ಟು ತೆರೆದಿದ್ದರೆ ಹಿಮ್ಮಡಿ ಏಳುವ ಸಂಭವ ಜಾಸ್ತಿ, ಅದಕ್ಕೇ ಹಿಮ್ಮಡಿ ನೆಲ ಬಿಟ್ಟರೆ ತಪ್ಪು ಅಂತ ನಿಯಮ.

ಅದರಲ್ಲಿ ನಾನು ತುಂಬ ಮೆಚ್ಚುವುದು ನಿಲ್ಲಿಸುವ ನಿಯಮ. ಮೊದಲ ತಪ್ಪಿಗೆ ತಿದ್ದುತ್ತಾರೆ, ಎರಡನೇ ತಪ್ಪಿಗೆ ಟೆಸ್ಟ್ ಮುಗಿಯಿತು. ತಪ್ಪು ಅಂದರೆ ಹಿಮ್ಮಡಿ ಎದ್ದದ್ದು, ತಲೆ ಮ್ಯಾಟ್ ಮುಟ್ಟದ್ದು, ಬೆರಳು ಆಚೆ ಅಂಚಿಗೆ ತಲುಪದ್ದು, ತಾಳ ತಪ್ಪಿ ನಡುವೆ ವಿಶ್ರಾಂತಿ ತೆಗೆದುಕೊಂಡದ್ದು. ಈ ನಿಯಮವನ್ನು ನಿಮ್ಮ ವಯಸ್ಕರ ಟೆಸ್ಟ್‌ಗೂ ತನ್ನಿ. "ಸ್ವಲ್ಪ ಕಡಿಮೆ ಆಯ್ತು, ಇರಲಿ, ಎಣಿಸೋಣ" ಅನ್ನುವ ಧಾರಾಳತನ ಒಮ್ಮೆ ಒಳಗೆ ಬಂದರೆ ಮುಗಿಯಿತು, ನೀವು ಅಳೆಯುತ್ತಿರುವುದು ಎಣಿಸುವವರ ಮನಸ್ಸನ್ನು.

ಒಂದು ಟೆಸ್ಟ್‌ನ ಮಂಡಿ ಕೋನ, ಇನ್ನೊಂದರ ತಾಳ, ಮತ್ತೊಂದರ ಕೋಷ್ಟಕ ಬೆರೆಸಬೇಡಿ. ಯೂರೋಫಿಟ್ ಅನ್ನುವ ಯುರೋಪಿನ ಫಿಟ್‌ನೆಸ್ ಟೆಸ್ಟ್ ಸರಣಿಯ 30 ಸೆಕೆಂಡ್ ಸಿಟ್-ಅಪ್ ಎಣಿಕೆಯನ್ನು ಎರಡರಿಂದ ಗುಣಿಸಿ ಒಂದು ನಿಮಿಷದ ಕೋಷ್ಟಕದಲ್ಲಿ ಹುಡುಕುವವರಿದ್ದಾರೆ. ಮೊದಲ 30 ಸೆಕೆಂಡಿನ ವೇಗ ಎರಡನೇ 30ರಲ್ಲಿ ಉಳಿಯುವುದಿಲ್ಲ, ತಾಳಿಕೆ ಅಂದರೆ ಆ ಕುಸಿತವೇ ತಾನೆ.

ಅಖಾಡ_ಕೋಚ್

ಇಷ್ಟೆಲ್ಲ ಯಾಕೆ, ಪ್ಲ್ಯಾಂಕ್ ಮಾಡಿಸಿ. ಟೇಪು ಬೇಡ, ಮೆಟ್ರೊನೋಮ್ ಬೇಡ, ಬೆನ್ನು ಬಾಗುವುದಿಲ್ಲ. ನಿಜವಾದ ಕೆಲಸದಲ್ಲಿ ಹೊಟ್ಟೆ ಸ್ನಾಯುಗಳು ಮಾಡುವುದೂ ಅದನ್ನೇ, ಮುಂಡವನ್ನು ಅಲುಗದಂತೆ ಹಿಡಿಯುವುದು. ಮೊಣಕೈ ಹೆಗಲಿನ ನೇರ ಕೆಳಗೆ, ಮುಂಗೈ ಒಂದಕ್ಕೊಂದು ಸಮಾನಾಂತರ, ಪಾದಗಳ ನಡುವೆ ಸೊಂಟದ ಅಗಲ, ತಲೆಯಿಂದ ಹಿಮ್ಮಡಿಗೆ ಒಂದೇ ಗೆರೆ. ಸೊಂಟ ಇಳಿದಾಗ ಸ್ಟಾಪ್‌ವಾಚ್ ಒತ್ತಿ. ಒಬ್ಬರಿಗೆ ಐದು ನಿಮಿಷದಲ್ಲಿ ಕೆಲಸ ಮುಗೀತು.

ಫಿಸಿಯೋ_ಡೆಸ್ಕ್

ಕೋಚ್ ಸರ್, ಪ್ಲ್ಯಾಂಕ್ ಒಳ್ಳೆಯ ಟೆಸ್ಟೇ. ಆದರೆ ಅದು ಯಾವುದರ ಟೆಸ್ಟ್ ಅನ್ನೋದು ಪ್ರಶ್ನೆ. ನಿಲ್ಲಿಸಿದವರನ್ನೆಲ್ಲ "ಮೊದಲು ಎಲ್ಲಿ ಸೋತಿತು?" ಅಂತ ಕೇಳಿ ಬರೆದುಕೊಳ್ಳಿ. ಹೊಟ್ಟೆ ಅನ್ನುವವರ ಜೊತೆಗೆ ಹೆಗಲು, ಸೊಂಟದ ಹಿಂಭಾಗ, ಮೊಣಕೈ ನೋವು, ತೊಡೆ ನಡುಕ ಅನ್ನುವವರೂ ಸಿಗುತ್ತಾರೆ. ದೇಹತೂಕವಂತೂ ಫಲಿತಾಂಶದೊಳಗೆ ನೇರವಾಗಿ ಸೇರಿದೆ. 12 ವಾರದಲ್ಲಿ ತೂಕ ಇಳಿದವರ ಸಮಯ, ಸ್ನಾಯು ಬದಲಾಗದಿದ್ದರೂ ಏರಬಹುದು. ಹಾಗಾಗಿ ಎರಡೂ ದಿನ ತೂಕ ಬರೆದುಕೊಳ್ಳದೆ ಪ್ಲ್ಯಾಂಕ್ ಹೋಲಿಸಬೇಡಿ.

"ಸೊಂಟ ಇಳಿದಾಗ" ಅನ್ನುವುದೂ ಸಾಲದು. ಬಹುಪಾಲು ಜನ ಇಳಿಸುವುದಕ್ಕೆ ಮೊದಲು ಸೊಂಟ ಏರಿಸುತ್ತಾರೆ, ಏರಿಸಿದರೆ ಹೊಟ್ಟೆಯ ಮೇಲಿನ ಹೊರೆ ಕಡಿಮೆ. ಅದನ್ನು ತಪ್ಪು ಅಂತ ಎಣಿಸದಿದ್ದರೆ 40 ಸೆಕೆಂಡು ಪುಕ್ಕಟೆ. ಬೆನ್ನಿನ ಮೇಲೆ ಒಂದು ಹಗುರ ಕೋಲು ಉದ್ದಕ್ಕೆ ಇಡಿ. ಅದು ತಲೆಯ ಹಿಂಭಾಗ, ಹೆಗಲಹಲಗೆಗಳ ನಡುಭಾಗ, ತ್ರಿಕಾಸ್ಥಿ (ಬೆನ್ನುಮೂಳೆಯ ಬುಡದ ತ್ರಿಕೋನ ಮೂಳೆ), ಈ ಮೂರನ್ನೂ ಮುಟ್ಟಿರಬೇಕು. ಮೂರರಲ್ಲಿ ಯಾವುದನ್ನಾದರೂ ಮುಟ್ಟದಿದ್ದರೆ ಒಂದು ಎಚ್ಚರಿಕೆ, ತಿದ್ದಲಾಗದಿದ್ದರೆ ಅಥವಾ ಎರಡನೇ ಸಲ ಆದರೆ ಮುಕ್ತಾಯ. ಮೊಣಕೈ ಹೆಗಲಿಗಿಂತ ಮುಂದೆ ಸರಿದರೆ ಹೊರೆ ಹೆಚ್ಚುತ್ತದೆ, ಆದ್ದರಿಂದ ಮೊಣಕೈ ಮತ್ತು ಕಾಲ್ಬೆರಳ ಜಾಗವನ್ನು ಟೇಪಿನಿಂದ ಗುರುತಿಸಿ, ಅವುಗಳ ನಡುವಿನ ದೂರ ಅಳೆದು ಹಾಳೆಯಲ್ಲಿ ಬರೆಯಿರಿ. 12 ವಾರ ಆದಮೇಲೆ ಅದೇ ದೂರ.

ಒಂದೇ ಭಂಗಿಯಲ್ಲಿ ಹಿಡಿಯುವ ಟೆಸ್ಟೇ ಬೇಕು ಅಂದರೆ ಮೆಕ್‌ಗಿಲ್ ಅವರ 60 ಡಿಗ್ರಿ ಹೋಲ್ಡ್ ನೋಡಿ. 1999ರಲ್ಲಿ ಅವರು ಸಹೋದ್ಯೋಗಿಗಳ ಜೊತೆ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಜೊತೆಗೆ ಬೆನ್ನಿನ ಸ್ನಾಯುಗಳ ಹೋಲ್ಡ್, ಎಡ-ಬಲ ಸೈಡ್ ಬ್ರಿಡ್ಜ್ (ಪಕ್ಕಕ್ಕೆ ತಿರುಗಿ ಒಂದು ಮೊಣಕೈ ಮೇಲೆ ಮೈ ಎತ್ತಿ ಹಿಡಿಯುವುದು) ಕೂಡ ಇವೆ. ಮುಂಭಾಗದ ಹೋಲ್ಡ್‌ನ ಸರಾಸರಿ ಆರೋಗ್ಯವಂತ ತರುಣರಲ್ಲಿ 144 ಸೆಕೆಂಡ್, ತರುಣಿಯರಲ್ಲಿ 149. ಒಬ್ಬರಿಂದೊಬ್ಬರಿಗೆ ವ್ಯತ್ಯಾಸ ಮಾತ್ರ ಭಾರಿ, ಪ್ರಮಾಣ ವಿಚಲನ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) 70 ಸೆಕೆಂಡಿಗೂ ಹೆಚ್ಚು. ಆದ್ದರಿಂದ "ಸರಾಸರಿಗಿಂತ ಕಡಿಮೆ" ಅಂತ ಯಾರಿಗೂ ಹಣೆಪಟ್ಟಿ ಕಟ್ಟಬೇಡಿ.

ಮಾಡುವ ರೀತಿ: ಮಂಡಿ, ತೊಡೆಸಂದು ಎರಡೂ 90 ಡಿಗ್ರಿ ಇರುವಂತೆ ಕೂರಿಸಿ, ಕೈ ಎದೆಯ ಮೇಲೆ ಅಡ್ಡ ಕಟ್ಟಿ ಎದುರು ಹೆಗಲ ಮೇಲೆ ಅಂಗೈ, ಬೆನ್ನನ್ನು 60 ಡಿಗ್ರಿ ಹಲಗೆಗೆ ಒರಗಿಸಿ. ಪಾದವನ್ನು ಪಟ್ಟಿಯಿಂದ ಕಟ್ಟಿ ಅಥವಾ ಸಹಾಯಕರು ಹಿಡಿಯಲಿ. ಹಲಗೆಯನ್ನು 10 ಸೆಂ.ಮೀ. ಹಿಂದಕ್ಕೆ ಸರಿಸಿ, ಆ ಕ್ಷಣ ಸ್ಟಾಪ್‌ವಾಚ್ ಶುರು. ಬೆನ್ನಿನ ಯಾವ ಭಾಗ ಹಲಗೆ ಮುಟ್ಟಿದರೂ ಮುಗಿಯಿತು. ಪಾದ ಕಟ್ಟಿರುವುದರಿಂದ ತೊಡೆಸಂದಿನ ಸ್ನಾಯುಗಳು ಇಲ್ಲೂ ದುಡಿಯುತ್ತವೆ, ಅದನ್ನು ಒಪ್ಪಿಕೊಂಡೇ ಬಳಸಬೇಕು.

ಅಖಾಡ_ಕೋಚ್

ಕೋಲಿನ ವಿಧಾನ ಒಪ್ಪಿದೆ, ಸೊಂಟ ಏರಿಸುವುದನ್ನು ತಪ್ಪು ಅಂತ ಎಣಿಸಲೇಬೇಕು. ಆದರೆ 60 ಡಿಗ್ರಿ ಹಲಗೆ ಎಲ್ಲಿಂದ ತರೋದು? ಐದು ಡಿಗ್ರಿ ಆಚೀಚೆ ಆದರೆ ಏನಾಗುತ್ತೆ?

ಸಂಖ್ಯಾಪ್ರಿಯ

ಐದು ಡಿಗ್ರಿಯೇ ಬಹಳ. ಮುಂಡವನ್ನು ಹಿಂದಕ್ಕೆ ಬೀಳಿಸುವ ಹೊರೆ, ನೆಲದಿಂದ ಅಳೆದ ಕೋನದ ಕೊಸೈನ್‌ಗೆ ಅನುಗುಣ. 60 ಡಿಗ್ರಿಯಲ್ಲಿ ಅದು 0.50. 55 ಆದರೆ 0.57, ಅಂದರೆ ಹೊರೆ ಸುಮಾರು 15 ಶೇಕಡ ಹೆಚ್ಚು. 70 ಡಿಗ್ರಿಗೆ ಏರಿಸಿ ಕೂತರೆ 0.34, ಹೊರೆ ಮೂರನೇ ಒಂದರಷ್ಟು ಕಡಿಮೆ. ಸುಸ್ತಾದಾಗ ಜನ ಹಲಗೆಯಿಂದ ದೂರ, ಮುಂದಕ್ಕೆ ವಾಲುವುದು ಇದಕ್ಕೇ. ಮೂಲ ನಿಯಮ ಹಲಗೆ ಮುಟ್ಟುವುದನ್ನು ಮಾತ್ರ ನೋಡುತ್ತದೆ, ಆದರೆ ಮುಂದೆ ವಾಲುವುದೂ ಅಷ್ಟೇ ಕೆಡಿಸುತ್ತದೆ. ಹಲಗೆ ಮತ್ತು ಬೆನ್ನಿನ ನಡುವೆ 10 ಸೆಂ.ಮೀ. ಕಡ್ಡಿಯೊಂದನ್ನು ಆಗಾಗ ಇಟ್ಟು ನೋಡಿ, ಸಂದು ಅಗಲವಾಗಿದ್ದರೆ ಎಚ್ಚರಿಸಿ.

ಹಲಗೆಯನ್ನು ಮನೆಯಲ್ಲೇ ಮಾಡಬಹುದು. 1 ಮೀಟರ್ ಉದ್ದದ ಹಲಗೆಯ ಬುಡದಿಂದ ಆಸರೆಯ ಬುಡಕ್ಕೆ 50 ಸೆಂ.ಮೀ., ನೇರ ನಿಂತ ಆಸರೆಯ ಎತ್ತರ 86.6 ಸೆಂ.ಮೀ. ಇಟ್ಟರೆ ಕೋನ ಸರಿಯಾಗಿ 60. ಮೇಲೆ ಫೋನಿನ ಲೆವೆಲ್ ಆ್ಯಪ್ ಇಟ್ಟು ಖಚಿತ ಮಾಡಿಕೊಳ್ಳಿ. ದಪ್ಪ ಫೋಮ್ ಹೊದಿಸಬೇಡಿ, ಒರಗಿದಾಗ ಅದು ಕುಸಿದು ಕೋನ ಬದಲಾಗುತ್ತದೆ.

ಇನ್ನು ಮೊದಲ ಪ್ರಶ್ನೆಗೆ: ಬದಲಾವಣೆ ನಿಜವೋ ಅಲ್ಲವೋ. ಇದನ್ನು ಯಾವ ಪುಸ್ತಕವೂ ನಿಮ್ಮ ಪರವಾಗಿ ಹೇಳಲಾರದು, ನಿಮ್ಮ ಗುಂಪು, ನಿಮ್ಮ ಸಹಾಯಕರು, ನಿಮ್ಮ ಮ್ಯಾಟ್ ಮೇಲೆ ಆಗುವ ಏರುಪೇರನ್ನು ನೀವೇ ಅಳೆಯಬೇಕು. ತರಬೇತಿ ಶುರುವಾಗುವ ಮುಂಚೆ ಎಲ್ಲರಿಗೂ, ಆಗದಿದ್ದರೆ ಕನಿಷ್ಠ 15 ಜನಕ್ಕೆ, ಅದೇ ಟೆಸ್ಟ್ ಎರಡು ಸಲ ಮಾಡಿಸಿ. ಪ್ರತಿಯೊಬ್ಬರ ಎರಡನೇ ಅಳತೆಯಿಂದ ಮೊದಲನೆಯದನ್ನು ಕಳೆಯಿರಿ. ಆ ವ್ಯತ್ಯಾಸಗಳ ಪ್ರಮಾಣ ವಿಚಲನ ತೆಗೆಯಿರಿ, ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಸೂತ್ರ ಅಷ್ಟೇ. ಉದಾಹರಣೆಗೆ ಅದು 14 ಸೆಕೆಂಡ್ ಬಂತು ಅನ್ನಿ. 1.96ರಿಂದ ಗುಣಿಸಿದರೆ ಸುಮಾರು 27. ಅಂದರೆ ಒಬ್ಬ ವ್ಯಕ್ತಿ 12 ವಾರದ ನಂತರ 20 ಸೆಕೆಂಡ್ ಹೆಚ್ಚು ಹಿಡಿದರೆ ಅದು ದಿನದಿಂದ ದಿನಕ್ಕೆ ಆಗುವ ಏರುಪೇರೂ ಇರಬಹುದು, 35 ಸೆಕೆಂಡ್ ಹೆಚ್ಚಾದರೆ ಬದಲಾವಣೆ ಇದೆ ಅಂತ ಧೈರ್ಯವಾಗಿ ಹೇಳಬಹುದು. ಗುಂಪಿನ ಸರಾಸರಿಗೆ ಈ ಗಡಿ ಅನ್ವಯಿಸುವುದಿಲ್ಲ. 30 ಜನರ ಸರಾಸರಿಯಲ್ಲಿ ಚಿಕ್ಕ ಬದಲಾವಣೆಯೂ ಗೊತ್ತಾಗುತ್ತದೆ, ಯಾಕೆಂದರೆ ಏರುಪೇರುಗಳು ಒಂದನ್ನೊಂದು ಕಳೆಯುತ್ತವೆ.

ವ್ಯತ್ಯಾಸಗಳ ಸರಾಸರಿಯನ್ನೂ ನೋಡಿ. ಅದು ಸೊನ್ನೆಯ ಹತ್ತಿರ ಇಲ್ಲದೆ, ಎಲ್ಲರೂ ಎರಡನೇ ಸಲ ಹೆಚ್ಚು ಮಾಡಿದ್ದರೆ ಅದು ಕಲಿಕೆಯ ಪರಿಣಾಮ. ತಾಳ ಹಿಡಿಯುವುದು, ಉಸಿರು ಬಿಡುವುದು, ಎಷ್ಟು ಉರಿದರೂ ಏನಾಗಲ್ಲ ಅನ್ನೋದು ಮೊದಲ ಸಲಕ್ಕೆ ಗೊತ್ತಿರುವುದಿಲ್ಲ. ಹಾಗಿದ್ದರೆ ಮೊದಲ ಅಳತೆಯನ್ನು ಅಭ್ಯಾಸ ಅಂತ ಬಿಟ್ಟು, ಎರಡನೆಯದನ್ನೇ ಆರಂಭದ ಅಂಕವಾಗಿ ಇಟ್ಟುಕೊಳ್ಳಿ. ಈ ಒಂದು ಕೆಲಸ ಮಾಡದೆ "12 ವಾರದಲ್ಲಿ ಇಷ್ಟು ಸುಧಾರಣೆ" ಅನ್ನುವ ಎಷ್ಟೋ ವರದಿಗಳಲ್ಲಿ ಕಲಿಕೆಯೂ ತರಬೇತಿಯ ಖಾತೆಗೆ ಜಮೆಯಾಗಿರುತ್ತದೆ.

ಒಂದು ಟೆಸ್ಟ್‌ನ ಐಸಿಸಿ (ಮತ್ತೆ ಅಳೆದಾಗ ಅಂಕಗಳು ಎಷ್ಟು ಹೊಂದುತ್ತವೆ ಅನ್ನುವ ಸೂಚಿ, ಗರಿಷ್ಠ 1) 0.9ಕ್ಕಿಂತ ಹೆಚ್ಚು ಅಂತ ಎಲ್ಲಾದರೂ ಓದಿದರೆ ಅಷ್ಟಕ್ಕೇ ಮರುಳಾಗಬೇಡಿ. ಗುಂಪಿನಲ್ಲಿ ತೀರಾ ದುರ್ಬಲರೂ ತೀರಾ ಬಲಿಷ್ಠರೂ ಇದ್ದರೆ ಆ ಅಂಕಿ ತಾನಾಗಿ ಏರುತ್ತದೆ. ಪ್ರಮಾಣ ವಿಚಲನ 40 ಸೆಕೆಂಡ್, ಐಸಿಸಿ 0.91 ಇರುವ ಟೆಸ್ಟ್‌ನಲ್ಲೂ ಒಂದು ಅಳತೆಯ ದೋಷ 12 ಸೆಕೆಂಡ್, ಎರಡೂ ಅಳತೆಗಳ ದೋಷ ಸೇರುವುದರಿಂದ ಒಬ್ಬ ವ್ಯಕ್ತಿಯ ಬದಲಾವಣೆ ನಂಬಲು 33 ಸೆಕೆಂಡ್ ದಾಟಬೇಕು.

ಹೊಸ_ಟ್ರೈನರ್

ಎರಡು ಅಳತೆಗಳ ನಡುವೆ ಎಷ್ಟು ದಿನ ಬಿಡಬೇಕು? ಹುರಿದುಂಬಿಸಬಹುದಾ? ಸಹಾಯಕರು ಇಬ್ಬರೂ ಎಣಿಸಬೇಕಾ?

ಪಿಟಿ_ಮೇಷ್ಟ್ರು

ಅಭ್ಯಾಸ ಇಲ್ಲದವರಿಗೆ ಹೊಟ್ಟೆ ಸ್ನಾಯುಗಳ ನೋವು ಮರುದಿನದಿಂದ ಮೂರನೇ ದಿನದವರೆಗೆ ಜೋರಾಗಿರುತ್ತದೆ. ಎರಡು ದಿನ ಬಿಟ್ಟು ಮಾಡಿಸಿದರೆ ನೋವನ್ನೇ ಅಳೆದಂತಾಗುತ್ತದೆ. ಏಳು ದಿನ ಬಿಡಿ, ವಾರದ ಅದೇ ದಿನ, ಅದೇ ಹೊತ್ತು. ಊಟ ಆಗಿ ಎರಡು ಗಂಟೆ ಕಳೆದಿರಬೇಕು, ಹಿಂದಿನ ದಿನ ಹೊಟ್ಟೆಯ ವ್ಯಾಯಾಮ ಬೇಡ.

ಮಾತಿನ ವಿಷಯದಲ್ಲಿ ಒಂದು ವಾಕ್ಯ ಬರೆದಿಟ್ಟುಕೊಂಡು ಎಲ್ಲರಿಗೂ ಅದನ್ನೇ ಓದಿ. ಹುರಿದುಂಬಿಸುವುದಾದರೆ ಎಲ್ಲರಿಗೂ, ಎರಡೂ ಸಲ, ಒಂದೇ ಮಾತುಗಳಲ್ಲಿ. ಗಡಿಯಾರ ಅವರ ಕಣ್ಣಿಗೆ ಬೀಳಬಾರದು. ಕಂಡರೆ ಸರಿಯಾಗಿ 60 ಅಥವಾ 120ಕ್ಕೆ ಬಿಡುವವರು ಹೆಚ್ಚಾಗುತ್ತಾರೆ. ಉಳಿದವರು ಸುತ್ತ ನಿಂತು ನೋಡುವುದೂ ಬೇಡ, ಮುಂದೆ ನಿಂತವರ ಸಮಯ ಹಿಂದಿನವರಿಗೆ ಗುರಿಯಾಗಿಬಿಡುತ್ತದೆ.

ಇಬ್ಬರಿಗೂ ಒಂದೇ ಕೆಲಸ ಕೊಡಬೇಡಿ. ಒಬ್ಬರು ಬೆರಳು, ಹೆಗಲು ನೋಡಿ ಎಣಿಸಲಿ. ಇನ್ನೊಬ್ಬರು ಹಿಮ್ಮಡಿ, ತಲೆ, ತಾಳ ನೋಡಿ ತಪ್ಪು ಕೂಗಲಿ. ಮಲಗಿದವರ ಸೊಂಟದ ಎತ್ತರದಲ್ಲಿ, ಪಕ್ಕದಿಂದ ಮೂರು ಮೀಟರ್ ದೂರ ಫೋನ್ ಇಟ್ಟು ವಿಡಿಯೊ ಮಾಡಿ. ಆಮೇಲೆ ಐದಾರು ವಿಡಿಯೊ ಇಬ್ಬರೂ ಬೇರೆ ಬೇರೆ ಕೂತು ಎಣಿಸಲಿ. ಒಂದೆರಡು ಎಣಿಕೆಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಿಯಮ ಇನ್ನೂ ಸ್ಪಷ್ಟವಾಗಿಲ್ಲ ಅಂತ ಅರ್ಥ, ಅದನ್ನು ಸರಿಪಡಿಸಿಯೇ ಮುಂದಕ್ಕೆ ಹೋಗಿ. 12 ವಾರದ ನಂತರವೂ ಅದೇ ವ್ಯಕ್ತಿ ಅದೇ ಕೆಲಸ ಮಾಡಬೇಕು.

ಫಿಸಿಯೋ_ಡೆಸ್ಕ್

ಉಸಿರಿನ ಬಗ್ಗೆ ಯಾರೂ ಹೇಳಲಿಲ್ಲ. ಕರ್ಲ್-ಅಪ್‌ನಲ್ಲಿ ಏಳುವಾಗ ಉಸಿರು ಬಿಡಬೇಕು, ಹೋಲ್ಡ್‌ನಲ್ಲಿ ಸಣ್ಣದಾಗಿ ಆಡುತ್ತಲೇ ಇರಬೇಕು. ಕಟ್ಟಿ ಹಿಡಿದರೆ ರಕ್ತದೊತ್ತಡ ಸರ್ರನೆ ಏರುತ್ತದೆ. ಮುಖ ಕೆಂಪಾಗಿ ಮಾತು ನಿಂತರೆ "ಐದರವರೆಗೆ ಗಟ್ಟಿಯಾಗಿ ಎಣಿಸಿ" ಅನ್ನಿ. ಆಗದಿದ್ದರೆ, ಅಥವಾ ತಲೆ ಸುತ್ತು, ಚುಚ್ಚುವ ಬೆನ್ನುನೋವು ಬಂದರೆ ಅಲ್ಲಿಗೇ ನಿಲ್ಲಿಸಿ, ಆ ಅಂಕವನ್ನು ದಣಿವಿನ ಅಂಕದ ಜೊತೆ ಸೇರಿಸಬೇಡಿ. ಕುತ್ತಿಗೆ ನೋವಿನಿಂದ ಬಿಟ್ಟವರದ್ದೂ ಹಾಗೇ, ಬೇರೆ ಕಾಲಂ. ಒಂದಕ್ಕಿಂತ ಹೆಚ್ಚು ಹೋಲ್ಡ್ ಮಾಡಿಸುವುದಾದರೆ ನಡುವೆ ಕನಿಷ್ಠ ಐದು ನಿಮಿಷ ಬಿಡುವು.

ಹೊಸ_ಟ್ರೈನರ್

ಹಾಗಾದರೆ ಮುಖ್ಯ ಅಳತೆ 50 ಬಡಿತದ ಕರ್ಲ್-ಅಪ್, 75ರ ಮಿತಿ, ಎರಡನೇ ತಪ್ಪಿಗೆ ಮುಕ್ತಾಯ. ಜೊತೆಗೆ 60 ಡಿಗ್ರಿ ಹೋಲ್ಡ್ ಬೇರೆ ದಿನ. ಹೋಲ್ಡ್‌ಗೆ ಸಮಯದ ಮಿತಿ ಹಾಕಬೇಕಾ? ನಾಲ್ಕು ಐದು ನಿಮಿಷ ಹಿಡಿಯುವವರು ಒಬ್ಬಿಬ್ಬರು ಇರಬಹುದು.

ಸಂಖ್ಯಾಪ್ರಿಯ

ಹಾಕಿ, ಆದರೆ ಮೊದಲ ದಿನಕ್ಕೆ ಮುಂಚೆಯೇ ನಿರ್ಧರಿಸಿ, ನಡುವೆ ಬದಲಿಸಬೇಡಿ. ಬೆನ್ನಿನ ಸ್ನಾಯುಗಳ ಬೀರಿಂಗ್-ಸೊರೆನ್‌ಸೆನ್ ಟೆಸ್ಟ್‌ನಲ್ಲಿ 240 ಸೆಕೆಂಡಿಗೆ ನಿಲ್ಲಿಸುತ್ತಾರೆ. ಹೊಟ್ಟೆಯದಕ್ಕೆ ನಿಮ್ಮ ಗುಂಪು ನೋಡಿ 300 ಇಡಬಹುದು. ಮಿತಿ ಮುಟ್ಟಿದವರ ಮುಂದೆ 300 ಅಂತ ಬರೆಯದೆ "300+" ಅಂತ ಬರೆಯಿರಿ. ಅಂಥ ಅಂಕ ಇರುವ ಪಟ್ಟಿಯ ಸರಾಸರಿ ತೆಗೆಯಬಾರದು, ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಎಲ್ಲರನ್ನೂ ಕ್ರಮವಾಗಿ ಜೋಡಿಸಿ ಮಧ್ಯಾಂಕ ತೆಗೆಯಿರಿ, 30 ಜನರಲ್ಲಿ 15 ಮತ್ತು 16ನೆಯವರ ನಡುವಿನ ಅಂಕ. ಮೊದಲ ಅಳತೆಯಲ್ಲೇ ಐದಾರು ಜನ ಮಿತಿ ಮುಟ್ಟಿದರೆ ಅವರಿಗೆ ಈ ಟೆಸ್ಟ್ ಸುಲಭವಾಯಿತು, 12 ವಾರದ ನಂತರ ಅವರ ಬಗ್ಗೆ ಏನೂ ಹೇಳಲಾಗದು ಅಂತ ವರದಿಯಲ್ಲೇ ಬರೆಯಿರಿ.